ಪಶುವೈದ್ಯರ ರಿಜಿಸ್ಟರಲ್ಲಿ ಯಾರ ಹೆಸ್ರು ಇರತ್ತೆ, ಯಾರದ್ದು ಇರಲ್ಲ

ರಿಸಲ್ಟ್ ಟೈಮ್ ಬಂತು ಅಂದ್ರೆ ನಂಗೆ ಬರೋ ಫೋನುಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ಪಶುಸಂಗೋಪನೆ ಡಿಪ್ಲೊಮಾ ಆದ್ರೆ ಬೇಗ ಮುಗಿಯತ್ತೆ, ಬಿವಿಎಸ್ಸಿ, ಅಂದ್ರೆ ಪಶುವೈದ್ಯ ಪದವಿಗೆ, ಐದೂವರೆ ವರ್ಷ ಕೂರ್ಬೇಕು, ಡಿಪ್ಲೊಮಾ ಮುಗಿಸ್ಕೊಂಡು ಊರಲ್ಲೇ ಒಂದು ಕ್ಲಿನಿಕ್ ಹಾಕ್ಬೋದಲ್ವಾ ಸಾರ್ ಅಂತ. ಹಾಕೋಕಾಗಲ್ಲ ಕಣಪ್ಪ. ಆದ್ರೆ ಹಂಗಂದ್ರೆ ಅವ್ರು ನಂಬಲ್ಲ, ಯಾಕಂದ್ರೆ ಹಳ್ಳಿಯಲ್ಲಿ ನೋಡೋದೇ ಬೇರೆ, ಬೈಕಲ್ಲಿ ಬ್ಯಾಗ್ ತಗಲಾಕ್ಕೊಂಡು ಬಂದು ಹಸುಗೆ ಸೂಜಿ ಹಾಕೋರೆಲ್ಲ ಜನಕ್ಕೆ ಡಾಕ್ಟ್ರೇ, ಪಶು ಆಸ್ಪತ್ರೆ ವೈದ್ಯಾಧಿಕಾರಿಯೂ ಡಾಕ್ಟ್ರು, ಅವ್ರ ಕೈಕೆಳಗಿನ ಪಶುವೈದ್ಯಕೀಯ ಪರೀಕ್ಷಕರೂ ಡಾಕ್ಟ್ರು, ಡೈರಿ ಕಡೆಯಿಂದ ಗರ್ಭಧಾರಣೆ ಮಾಡೋಕೆ ಬರೋ ಹುಡ್ಗನೂ ಡಾಕ್ಟ್ರು.

ಕಾನೂನು ಇದನ್ನ ಹಂಗೆ ನೋಡಲ್ಲ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ ಅಂತ ಒಂದಿದೆ. ಪಶುಸಂಗೋಪನೆ ರಾಜ್ಯಗಳ ವಿಷಯ ಆಗಿರೋದ್ರಿಂದ ಕೇಂದ್ರ ಸುಮ್ನೆ ಕಾಯ್ದೆ ಮಾಡೋ ಹಂಗಿರ್ಲಿಲ್ಲ, ಹರಿಯಾಣ, ಬಿಹಾರ, ಒಡಿಶಾ, ಹಿಮಾಚಲ, ರಾಜಸ್ಥಾನದ ವಿಧಾನಸಭೆಗಳು ನಮ್ ಪರವಾಗಿ ನೀವೇ ಮಾಡಿ ಅಂತ ನಿರ್ಣಯ ಕೊಟ್ವು, ಆಮೇಲೆ ಬಂತು ಇದು. ಇದರ ಪ್ರಕಾರ ದೆಹಲಿಯಲ್ಲಿ ಒಂದು ಪರಿಷತ್ತು, ಪ್ರತಿ ರಾಜ್ಯದಲ್ಲೂ ಒಂದು ಪರಿಷತ್ತು. ನಿಮ್ ಹೆಸ್ರು ಮೊದ್ಲು ಸೇರೋದು ರಾಜ್ಯದ ರಿಜಿಸ್ಟರಿಗೆ, ನಮ್ಮಲ್ಲಾದ್ರೆ ಕರ್ನಾಟಕ ಪಶುವೈದ್ಯ ಪರಿಷತ್ತಿಗೆ, ಅಲ್ಲಿಂದ ರಾಷ್ಟ್ರೀಯ ರಿಜಿಸ್ಟರಿಗೆ. ಅದರಲ್ಲಿ ಹೆಸ್ರು ಇದ್ರೆ ದೇಶದ ಯಾವ ರಾಜ್ಯದಲ್ಲಾದ್ರೂ ಪ್ರಾಕ್ಟೀಸ್ ಮಾಡೋ ಹಕ್ಕಿದೆ.

ಆ ರಿಜಿಸ್ಟರಿಗೆ ಸೇರೋಕೆ ಬೇಕಿರೋದು ಮಾನ್ಯತೆ ಇರೋ ಪಶುವೈದ್ಯ ಪದವಿ, ಈಗ ಅದು ಬಿವಿಎಸ್ಸಿ ಅಂಡ್ ಎಎಚ್, ನಾಲ್ಕೂವರೆ ವರ್ಷ ಕ್ಲಾಸು, ಒಂದ್ ವರ್ಷ ಇಂಟರ್ನ್‌ಶಿಪ್. ಡೈರಿ ಟೆಕ್ನಾಲಜಿ, ಫಿಶರೀಸ್, ಬಿಎಸ್ಸಿ ಅಗ್ರಿ ಇವ್ಯಾವೂ ನಡೆಯಲ್ಲ, ಎಷ್ಟೇ ಒಳ್ಳೆ ಮಾರ್ಕ್ಸ್ ಇರ್ಲಿ. ಹೆಸ್ರು ಸೇರಿದ್ಮೇಲೂ ಸುಮ್ನೆ ಕೂರೋ ಹಂಗಿಲ್ಲ, ಐದು ವರ್ಷಕ್ಕೊಮ್ಮೆ ಫೀ ಕಟ್ಟಿ ರಿನ್ಯೂವಲ್ ಮಾಡಿಸ್ಬೇಕು. ಇದನ್ನ ಮರೆಯೋರು ನಮ್ಮಲ್ಲೇ ಬೇಕಾದಷ್ಟು ಜನ ಇದಾರೆ.

ಎಲ್ಲಾ ಜಗಳ ಇರೋದು 30ನೇ ಸೆಕ್ಷನ್ನಲ್ಲಿ. ರಿಜಿಸ್ಟರಲ್ಲಿ ಇಲ್ದಿರೋರು ಸರ್ಕಾರದ ಪಶುವೈದ್ಯ ಹುದ್ದೆಯಲ್ಲಿ ಇರೋ ಹಂಗಿಲ್ಲ, ಪ್ರಾಕ್ಟೀಸ್ ಮಾಡೋ ಹಂಗಿಲ್ಲ, ಪಶುವೈದ್ಯರು ಕೊಡ್ಬೇಕಾದ ಸರ್ಟಿಫಿಕೇಟಿಗೆ ಸೈನ್ ಹಾಕೋ ಹಂಗಿಲ್ಲ, ಕೋರ್ಟಲ್ಲಿ ತಜ್ಞ ಸಾಕ್ಷಿ ಹೇಳೋ ಹಂಗಿಲ್ಲ. ರೈತರಿಗೆ ಇದರಲ್ಲಿ ನೇರವಾಗಿ ತಟ್ಟೋದು ಆ ಸರ್ಟಿಫಿಕೇಟ್ ವಿಚಾರ. ಇನ್ಶೂರೆನ್ಸ್ ಮಾಡ್ಸಿದ ಹಸು ಸತ್ತೋಯ್ತು ಅನ್ಕೊಳ್ಳಿ, ಕಿವಿಗೆ ಹಾಕಿದ ನಂಬರಿನ ಓಲೆ ಇದೆ, ಪಾಲಿಸಿ ಇದೆ, ಎಲ್ಲಾ ಇದೆ, ಆದ್ರೆ ಮರಣೋತ್ತರ ಪರೀಕ್ಷೆ ವರದಿಗೆ ರಿಜಿಸ್ಟರ್ಡ್ ಡಾಕ್ಟ್ರ ಸೈನು, ನಂಬರು ಇಲ್ಲ ಅಂದ್ರೆ ಕ್ಲೇಮು ಅಲ್ಲೇ ನಿಲ್ಲತ್ತೆ, ಹತ್ತು ವರ್ಷದಿಂದ ನಮ್ಮನೆ ಹಸು ನೋಡ್ತಿರೋದು ಇವ್ರೇ ಸಾರ್ ಅಂದ್ರೆ ಕಂಪನಿಯೋರು ಕೇಳಲ್ಲ. ಪಕ್ಕದ ಹೊಲದೋರು ವಿಷ ಹಾಕಿದ್ರು ಅಂತ ಕೇಸ್ ಹಾಕಿದ್ರೂ ಅಷ್ಟೇ.

ಹಂಗಾದ್ರೆ ಡಿಪ್ಲೊಮಾದವ್ರಿಗೆ ಏನೂ ಇಲ್ವಾ? ಇದೆ, ಅದೇ ಸೆಕ್ಷನ್ನಿನ ಬಾಲದಲ್ಲಿದೆ. ಪಶುಸಂಗೋಪನೆ ಡಿಪ್ಲೊಮಾನೋ ಸರ್ಟಿಫಿಕೇಟೋ ಇರೋ ಸ್ಟಾಕ್‌ಮನ್, ಸಹಾಯಕರು, ಇಲಾಖೆ ಅವ್ರನ್ನ ಏನಂತಾದ್ರೂ ಕರೀಲಿ, ರಾಜ್ಯ ಸರ್ಕಾರ ಆದೇಶ ಮಾಡಿದ್ರೆ ಸಣ್ಣಪುಟ್ಟ ಸೇವೆ ಕೊಡ್ಬೋದು. ಲಸಿಕೆ, ಬೀಜ ಒಡೆಯೋದು, ಗಾಯಕ್ಕೆ ಡ್ರೆಸಿಂಗು, ಇನ್ನು ಸರ್ಕಾರ ಪಟ್ಟಿ ಮಾಡಿದ ಪ್ರಾಥಮಿಕ ಚಿಕಿತ್ಸೆಗಳು. ಆದ್ರೆ ಅದಕ್ಕೊಂದು ಷರತ್ತಿದೆ, ರಿಜಿಸ್ಟರ್ಡ್ ಡಾಕ್ಟ್ರ ಮೇಲುಸ್ತುವಾರಿ, ನಿರ್ದೇಶನದಲ್ಲೇ ಮಾಡ್ಬೇಕು. ಸ್ವಂತ ಬೋರ್ಡ್ ಹಾಕ್ಕೊಳ್ಳೋಕೆ ಇದು ಪರ್ಮಿಷನ್ ಅಲ್ಲ. ಮಹಾರಾಷ್ಟ್ರದಲ್ಲಿ ಡಿಪ್ಲೊಮಾದವ್ರು ಇದನ್ನ ಪ್ರಶ್ನೆ ಮಾಡಿ ಸುಪ್ರೀಂ ಕೋರ್ಟ್ ತನಕ ಹೋದ್ರು, 2007ರಲ್ಲಿ ಕೋರ್ಟ್ ಕಾಯ್ದೆಯನ್ನೇ ಎತ್ತಿಹಿಡೀತು.

ನಮ್ಮ ಡಾಕ್ಟ್ರುಗಳಿಗೆ ನಾನು ಹೇಳೋದು ಇಷ್ಟ ಆಗಲ್ಲ, ಆದ್ರೂ ಹೇಳ್ತೀನಿ. ಗೆರೆ ಹಾಕಿರೋ ಜಾಗ ಸರಿಯಾಗೇ ಇದೆ, ಕಾಲುಬಾಯಿ ಲಸಿಕೆ ಅಭಿಯಾನ ಬಂದಾಗ ಮನೆ ಮನೆ ತಿರುಗಿ ಹಾಕೋರು ಪರೀಕ್ಷಕರು, ಸಹಾಯಕರು, ಈಗ ಮೈತ್ರಿ ಅನ್ನೋ ಯೋಜನೆಯಲ್ಲಿ ಕೃತಕ ಗರ್ಭಧಾರಣೆ ತರಬೇತಿ ತಗೊಂಡ ಹುಡುಗ್ರು, ದನಕರು ಆರೈಕೆಗೆ ತರಬೇತಿ ಪಡೆದ ಊರಿನ ಹೆಣ್ಣುಮಕ್ಕಳು ಅಂದ್ರೆ ಪಶುಸಖಿಯರು, ಇವ್ರೆಲ್ಲ ಇಲ್ದೆ ಒಬ್ಬ ವೈದ್ಯಾಧಿಕಾರಿ ಅಷ್ಟು ಊರು ಸುತ್ತೋಕಾಗಲ್ಲ. ಸುಳ್ಳಾಗಿರೋದು ಆ ‘ಮೇಲುಸ್ತುವಾರಿ’. ಅದು ಎಷ್ಟೋ ಕಡೆ ತಿಂಗಳಿಗೊಂದು ರಿಪೋರ್ಟಿಗೆ ಸೈನ್ ಹಾಕೋದಷ್ಟೇ. ರಾತ್ರಿ ಕರು ಅಡ್ಡ ಬಂದಿದೆ, ಡಾಕ್ಟ್ರು ಮೂರು ಆಸ್ಪತ್ರೆ ಚಾರ್ಜಲ್ಲಿ ಇದಾರೆ, ಫೋನ್ ತೆಗೀತಿಲ್ಲ, ಆಗ ರೈತ ಹತ್ರದಲ್ಲಿರೋರನ್ನ ಕರೀತಾನೆ, ಕರೀಬೇಡ ಅಂತ ಯಾವ ಬಾಯಲ್ಲಿ ಹೇಳೋದು? ಆ ಹುಡ್ಗನಿಗೆ ಫೋನಲ್ಲಾದ್ರೂ ದಾರಿ ಹೇಳೋಕೆ ಒಬ್ಬ ಡಾಕ್ಟ್ರು ಗೊತ್ತುಪಡಿಸಿರ್ಬೇಕು, ಅವ್ರ ನಂಬರ್ ಡೈರಿ ಗೋಡೆ ಮೇಲೆ ಬರೆದಿರ್ಬೇಕು, ಕಾಯ್ದೆ ಕೇಳ್ತಿರೋದೂ ಹೆಚ್ಚುಕಮ್ಮಿ ಇಷ್ಟೇ.

ಇನ್ನೊಂದು ಕಡೆ, ಯಾರ ಹಂಗೂ ಇಲ್ದೆ ಮೆಡಿಕಲ್ ಶಾಪಿಂದ ಆಂಟಿಬಯಾಟಿಕ್ ತಂದು ಕೆಚ್ಚಲು ಬಾವಿಗೆ ಕಣ್ಣಳತೆಯಲ್ಲಿ ಏರಿಸೋರಿದಾರಲ್ಲ, ಅವ್ರ ಬಗ್ಗೆ ನಂಗೆ ಕರುಣೆ ಇಲ್ಲ. ಔಷಧಿ ಕೊಟ್ಮೇಲೆ ಎಷ್ಟು ದಿನ ಹಾಲು ಡೈರಿಗೆ ಹಾಕ್ಬಾರ್ದು ಅಂತ ಅವ್ರು ಹೇಳೋದೂ ಇಲ್ಲ. ಡೈಕ್ಲೋಫೆನಾಕ್ ಕಥೆ ಗೊತ್ತಲ್ಲ, ದನಕ್ಕೆ ಕೊಟ್ಟ ನೋವಿನ ಔಷಧಿ, ಸತ್ತ ದನ ತಿಂದ ರಣಹದ್ದುಗಳ ಮೂತ್ರಪಿಂಡ ಹಾಳು ಮಾಡಿ ಸಂತತಿನೇ ಅಳಿಸೋ ಮಟ್ಟಕ್ಕೆ ತಂತು. 2006ರಲ್ಲಿ ಪಶುಗಳಿಗೆ ಬಳಸೋದು ನಿಷೇಧ ಆಯ್ತು, ಆದ್ರೂ ಮನುಷ್ಯರಿಗೆ ಅಂತ ಬರ್ತಿದ್ದ ದೊಡ್ಡ ಬಾಟ್ಲಿಗಳು ಕೊಟ್ಟಿಗೆಗೆ ಬರ್ತಾನೇ ಇದ್ವು, ಕೊನೆಗೆ 2015ರಲ್ಲಿ ಆ ಇಂಜೆಕ್ಷನ್ನನ್ನ 3 ಎಂಎಲ್ ಬಾಟ್ಲಿಗೆ ಸೀಮಿತ ಮಾಡ್ಬೇಕಾಯ್ತು.

ನನ್ ಅಗ್ರಿ ಫ್ರೆಂಡ್ಸ್ ಇದನ್ನೆಲ್ಲ ಕೇಳಿ ನಗ್ತಾರೆ, ಯಾಕಂದ್ರೆ ಅವ್ರಿಗೆ ಈ ಥರ ದೇಶಕ್ಕೆಲ್ಲ ಒಂದು ರಿಜಿಸ್ಟರೇ ಇಲ್ಲ. ಬೆಳೆಗೆ ಯಾವ ಔಷಧಿ ಹೊಡೀಬೇಕು ಅಂತ ಹೇಳೋಕೆ ಯಾವ ನಂಬರೂ ಬೇಡ. ಮಾರೋ ಅಂಗಡಿಗೆ ಮಾತ್ರ ಲೈಸೆನ್ಸು, ಅದಕ್ಕೆ ಓದಿನ ಅರ್ಹತೆ ಸೇರಿಸಿದ್ದೂ ತೀರಾ ಇತ್ತೀಚೆಗೆ. ಹೈದರಾಬಾದಿನ ಮ್ಯಾನೇಜ್ ಅನ್ನೋ ಕೃಷಿ ವಿಸ್ತರಣೆ ಸಂಸ್ಥೆ 2003ರಲ್ಲಿ ಶುರು ಮಾಡಿದ ‘ದೇಸಿ’ ಅನ್ನೋ ಹೆಸರಿನ ಡಿಪ್ಲೊಮಾ ಅಂಗಡಿಯೋರಿಗೇ ಮಾಡಿದ್ದು, ವಾರಕ್ಕೊಂದು ದಿನದಂತೆ 48 ವಾರ. ಹಸುಗೆ ಒಂದು ಸೂಜಿಗೆ ಇಷ್ಟು ಕಾನೂನು, ಊರೆಲ್ಲ ಊಟ ಮಾಡೋ ಟೊಮೆಟೊಗೆ ಹೊಡೆಯೋ ವಿಷಕ್ಕೆ ಸಲಹೆ ಕೊಡೋಕೆ ಯಾರಾದ್ರೂ ಆಗತ್ತೆ ಅನ್ನೋದು ವಿಚಿತ್ರ ಅಲ್ವಾ.

ಸರಿ, ಫೋನ್ ಮಾಡೋ ಮಕ್ಕಳಿಗೆ. ಬಿವಿಎಸ್ಸಿಗೆ ರಾಜ್ಯದ ಸೀಟು ಸಿಇಟಿಯಿಂದ, ಬೀದರಿನ ವಿಶ್ವವಿದ್ಯಾಲಯದ ಅಡಿ ಬರೋ ಕಾಲೇಜುಗಳು ಅಲ್ಲೇ ಸಿಗ್ತವೆ. 15 ಪರ್ಸೆಂಟ್ ಸೀಟು ನೀಟ್ ಮೇಲೆ ಅಖಿಲ ಭಾರತ ಕೋಟಾದಲ್ಲಿ. ಬೇರೆ ರಾಜ್ಯದ ಪ್ರೈವೇಟ್ ಕಾಲೇಜಿಗೆ ದುಡ್ಡು ಕಟ್ಟೋ ಮೊದ್ಲು ಆ ಪದವಿಗೆ ಪರಿಷತ್ತಿನ ಮಾನ್ಯತೆ ಇದೆಯಾ ಅಂತ ನೋಡ್ಕೊಳ್ಳಿ, ಬ್ರೋಷರ್ ನಂಬ್ಬೇಡಿ, ಮಾನ್ಯತೆ ಇಲ್ಲ ಅಂದ್ರೆ ಐದೂವರೆ ವರ್ಷ ಓದಿದ್ಮೇಲೂ ರಿಜಿಸ್ಟರಲ್ಲಿ ಹೆಸ್ರು ಬರಲ್ಲ.