45 ದಿನ ಸರಿ, ಯಾವತ್ತಿನಿಂದ?

ಪೀಣ್ಯದ ಒಂದು ಸಣ್ಣ ಮಷಿನ್ ಶಾಪ್‌ನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ನಮ್ಮ ದೊಡ್ಡ ಗಿರಾಕಿಯ ಪಿಒದಲ್ಲಿ (ಖರೀದಿ ಆದೇಶ) ಪಾವತಿ ಬಗ್ಗೆ ಇದ್ದದ್ದು ಒಂದೇ ಸಾಲು: 'ಮಾಲು ಒಪ್ಪಿಕೊಂಡ 45 ದಿನಗಳೊಳಗೆ ಪಾವತಿ'. ಒಪ್ಪಿಕೊಳ್ಳುವವರು ಸ್ಟೋರ್ಸ್‌ನವರೋ ಗುಣಮಟ್ಟ ಪರೀಕ್ಷಿಸುವ ಕ್ಯೂಸಿಯವರೋ, ಯಾವ ಕಾಗದದ ಮೇಲೆ, ಎಷ್ಟು ದಿನದೊಳಗೆ, ಒಂದೂ ಅದರಲ್ಲಿಲ್ಲ.

ಅದರ ಬಿಸಿ ತಟ್ಟಿದ್ದು ಸಂಬಳದ ಹಿಂದಿನ ದಿನ. ಜಿಆರ್‌ಎನ್ (ಮಾಲು ತಲುಪಿದ್ದಕ್ಕೆ ಅವರು ಕೊಡುವ ರಸೀದಿ) ತಾರೀಖಿನಿಂದ ಎಣಿಸಿದರೆ ಗಡುವು ಮುಗಿದಿತ್ತು. ಆ ದುಡ್ಡು ನಂಬಿಕೊಂಡೇ ಸಂಬಳದ ಶೀಟ್ ತಯಾರಾಗಿತ್ತು. ಮಧ್ಯಾಹ್ನವಾದರೂ ಬ್ಯಾಂಕ್ ಮೆಸೇಜ್ ಬರಲಿಲ್ಲ. ಫೋನ್ ಮಾಡಿದೆ. ಆ ಕಡೆಯ ಅಕೌಂಟ್ಸ್ ಮೇಡಂ ಸಮಾಧಾನವಾಗಿಯೇ ಹೇಳಿದರು: "ಸರ್, ಕ್ಯೂಸಿ ಇನ್ನೂ ಕ್ಲಿಯರ್ ಆಗಿಲ್ಲ. ಒಪ್ಪಿಕೊಂಡೇ ಇಲ್ಲ ಅಂದಮೇಲೆ 45 ದಿನ ಎಲ್ಲಿಂದ ಶುರುವಾಗುತ್ತೆ?"

ನಾವು ಕಳಿಸಿದ ಬುಷ್‌ಗಳು (ಯಂತ್ರದ ಬಿಡಿಭಾಗಗಳು) ಅಷ್ಟೊತ್ತಿಗೆ ಅವರ ಅಸೆಂಬ್ಲಿ ಲೈನ್ ದಾಟಿ ಹೋಗಿದ್ದವು. ಹಾಗಂತ ಹೇಳಿದೆ. "ಅದು ಪ್ರೊಡಕ್ಷನ್‌ನವರ ವಿಷಯ ಸರ್, ನನಗೆ ಸಿಸ್ಟಂನಲ್ಲಿ ತೋರಿಸ್ತಿಲ್ಲ" ಅಂದರು. ಗಾಜಿನ ಬಾಗಿಲಾಚೆಯಿಂದ ಮಾಲೀಕರು ನನ್ನ ಮುಖವನ್ನೇ ನೋಡುತ್ತಿದ್ದರು. ಫೋನ್ ಕಿವಿಯಲ್ಲೇ ಇಟ್ಟುಕೊಂಡು ಪಿಒದ ಆ ಸಾಲನ್ನು ಮತ್ತೆ ಓದಿದೆ. ನನ್ನ ಮಾತಿಗೂ ಹೊಂದುತ್ತಿತ್ತು, ಅವರ ಮಾತಿಗೂ ಹೊಂದುತ್ತಿತ್ತು. ಆ ತಿಂಗಳ ಸಂಬಳ ಬ್ಯಾಂಕಿನ ಓಡಿಯಿಂದ (ಓವರ್‌ಡ್ರಾಫ್ಟ್ ಸಾಲ) ಹೋಯಿತು, ಅದರ ಬಡ್ಡಿ ನಮ್ಮ ತಲೆಗೆ.

2006ರ ಎಂಎಸ್‌ಎಂಇಡಿ ಕಾಯ್ದೆ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ) ಇದೇ ವಿಷಯವನ್ನು ಎಷ್ಟು ಬಿಗಿಯಾಗಿ ಬರೆದಿದೆ ನೋಡಿ. ಮಾಲು ತಲುಪಿದ 15 ದಿನದೊಳಗೆ ಖರೀದಿದಾರ ಲಿಖಿತ ಆಕ್ಷೇಪ ಎತ್ತದಿದ್ದರೆ, ತಲುಪಿದ ದಿನವೇ ಒಪ್ಪಿಕೊಂಡ ದಿನ. ಪಿಒದಲ್ಲಿ ಏನೇ ಬರೆದಿದ್ದರೂ ಅಲ್ಲಿಂದ 45 ದಿನ ಮೀರುವಂತಿಲ್ಲ. ಮೀರಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ತಿಂಗಳು ತಿಂಗಳು ಅಸಲಿಗೆ ಸೇರಿಸಿ. ಸರ್ಕಾರದ ಉದ್ಯಮ್ ನೋಂದಣಿ ಇರುವ ನಮ್ಮಂಥ ಸಣ್ಣ ಘಟಕಗಳಿಗೆಂದೇ ಇರುವ ನಿಯಮ ಇದು. ಅದನ್ನು ಮೇಲ್‌ನಲ್ಲಿ ಬರೆದು, ಲಿಖಿತ ಆಕ್ಷೇಪ ಇದ್ದರೆ ಪ್ರತಿ ಕಳಿಸಿ ಎಂದು ಕೇಳಿದೆ. ಅಂಥ ಕಾಗದ ಅವರಲ್ಲಿರಲಿಲ್ಲ. ಅಸಲು ಬಂತು. ಬಡ್ಡಿಗೆ, ಇಂಥ ಬಾಕಿಯ ದೂರು ಕೇಳುವ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗೋಣವೇ ಅಂದರೆ ಮಾಲೀಕರು ಬೇಡವೆಂದರು. ಮುಕ್ಕಾಲು ಪಾಲು ಆರ್ಡರ್ ಕೊಡುವವರ ಮೇಲೆ ಯಾವ ಸಣ್ಣ ಶಾಪ್ ದೂರು ಕೊಟ್ಟೀತು? ಕಾನೂನು ನಮ್ಮ ಪರ ಇದ್ದರೆ ಸಾಲದು, ಪಿಒದ ಸಾಲೂ ನಮ್ಮ ಪರ ಇರಬೇಕು.

ಈಗ ಕೊಟೇಶನ್‌ನಲ್ಲೇ ಹೀಗೆ ಹಾಕುತ್ತೇನೆ: 'ಡಿಸಿ (ಡೆಲಿವರಿ ಚಲನ್) ಮೇಲೆ ಸ್ಟೋರ್ಸ್ ಸೀಲ್ ಬಿದ್ದ ಮರುದಿನವನ್ನು ಮೊದಲ ದಿನವೆಂದು ಎಣಿಸಿ, ರಜೆಗಳೂ ಸೇರಿ, 45ನೇ ದಿನದೊಳಗೆ ಪಾವತಿ. ರಿಜೆಕ್ಷನ್ ಇದ್ದರೆ ಸೀಲ್ ಬಿದ್ದ 15 ದಿನದೊಳಗೆ ಪಾರ್ಟ್ ನಂಬರ್, ಎಷ್ಟು ಪೀಸ್, ಏನು ದೋಷ ಎಂದು ಇಮೇಲ್‌ನಲ್ಲಿ ತಿಳಿಸಬೇಕು. ಲೈನ್‌ನಲ್ಲಿ ಬಳಸಿದ ಮಾಲು ಒಪ್ಪಿಕೊಂಡ ಮಾಲು.' ಕೊನೆಯ ವಾಕ್ಯಕ್ಕೆ ಮಾತ್ರ ಅವರ ಪರ್ಚೇಸ್‌ನವರು ಇನ್ನೂ ಒಪ್ಪಿಲ್ಲ, ಲೀಗಲ್‌ಗೆ ಕಳಿಸಿದ್ದೇವೆ ಅನ್ನುತ್ತಾರೆ. ಪ್ರತಿ ಕೊಟೇಶನ್‌ನಲ್ಲೂ ಅದನ್ನು ಹಾಗೇ ಬಿಟ್ಟಿದ್ದೇನೆ.