ಯಾವುದು ಬೆಳಿಗ್ಗೆ, ಯಾವುದು ಸಂಜೆಗೆ

3 ನವೆಂಬರ್ 2025, ಸೋಮವಾರ
ರಾಣೆಬೆನ್ನೂರು

ಶನಿವಾರ ರಾಜ್ಯೋತ್ಸವ, ನಿನ್ನೆ ಭಾನುವಾರ. ಎರಡು ದಿನ ಮುಚ್ಚಿದ್ದ ಬ್ಯಾಂಕು ಸೋಮವಾರ ಬಾಗಿಲು ತೆಗೆದರೆ ಹೇಗಿರುತ್ತದೆ ಅಂತ ಕೌಂಟರಿನಲ್ಲಿ ಕೂತವರಿಗೇ ಗೊತ್ತು. ಅದರ ಮೇಲೆ ನವೆಂಬರಿನ ಮೊದಲ ಕೆಲಸದ ದಿನ. ಪಿಂಚಣಿಯವರು ಬದುಕಿದ್ದೇವೆ ಅಂತ ಪ್ರಮಾಣಪತ್ರ ಕೊಡುವ ತಿಂಗಳು. ಒಂಬತ್ತೂವರೆಗೇ ಮೆಟ್ಟಿಲ ಮೇಲೆ ಹಿರಿಯರು ಸಾಲಾಗಿ ಕೂತಿದ್ದರು.

ಬೇರೆ ಕಡೆ ಕೆಲಸ ಮಾಡುವ ಗೆಳೆಯರು ಮುಖ್ಯ, ತುರ್ತು ಅಂತ ನಾಲ್ಕು ಚೌಕ ಹಾಕಿ ದಿನದ ಕೆಲಸ ಹಂಚಿಕೊಳ್ಳುತ್ತಾರೆ. ನಮ್ಮ ಶಾಖೆಯಲ್ಲಿ ಅದು ನಡೆಯಲ್ಲ. ಎದುರಿಗೆ ನಿಂತ ಪ್ರತಿಯೊಬ್ಬರಿಗೂ ತಮ್ಮ ಕೆಲಸವೇ ತುರ್ತು. ಅದು ಸುಳ್ಳೂ ಅಲ್ಲ. ಹಾಗಾಗಿ ನಾನು ಡೈರಿಯಲ್ಲಿ ಪ್ರತಿ ಕೆಲಸದ ಪಕ್ಕ ಎರಡು ವಿಷಯ ಬರೆದುಕೊಳ್ಳುತ್ತೇನೆ: ಇದು ಆಗದಿದ್ದರೆ ಯಾರಿಗೆ ನಷ್ಟ, ಎಷ್ಟು ಹೊತ್ತಿಗೆ ನಷ್ಟ.

ಡೈರಿಯ ಮೊದಲ ಸಾಲು ತಿಜೋರಿ, ಅದರ ಬಗ್ಗೆ ಯೋಚನೆಯೇ ಬೇಡ. ತಿಜೋರಿಗೆ ಎರಡು ಕೀ. ಒಂದು ನನ್ನ ಹತ್ತಿರ, ಇನ್ನೊಂದು ಕ್ಯಾಷಿಯರ್ ಹತ್ತಿರ. ಇಬ್ಬರೂ ನಿಂತರೆ ಮಾತ್ರ ತೆಗೆಯುತ್ತದೆ. ಎರಡು ದಿನದ ರಜೆಗೆ ಎಟಿಎಂ ಕೂಡ ಖಾಲಿ.

ಹತ್ತಕ್ಕೆ ಮುಂಚಿನ ಸಮಯವನ್ನು ನಾನು ಯಾರಿಗೂ ಕೊಡುವುದಿಲ್ಲ. ಅದು ಸಾಲದ ಫೋನ್‌ಗಳಿಗೆ ಇಟ್ಟಿದ್ದು. ಸಂಜೆ ಮಾಡೋಣ ಅಂತ ಬಿಟ್ಟ ಫೋನ್ ಯಾವತ್ತೂ ಆಗಲ್ಲ. ಇಲ್ಲಿ ಹೊಸಬರಿಗೆ ಒಂದು ವಿಷಯ ವಿಚಿತ್ರ ಅನಿಸುತ್ತದೆ. ಬಾಕಿದಾರರ ಪಟ್ಟಿಯ ತುದಿಯಲ್ಲಿ ವರ್ಷದಿಂದ ಕಟ್ಟದವರ ಹೆಸರಿರುತ್ತದೆ, ಮೊತ್ತವೂ ದೊಡ್ಡದು. ಆದರೆ ನಾನು ಮೊದಲು ಫೋನ್ ಮಾಡುವುದು 85, 88 ದಿನ ಬಾಕಿ ಇರುವವರಿಗೆ. 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲದ ಲೆಕ್ಕಕ್ಕೆ ಹೋಗುತ್ತದೆ. ಆಮೇಲೆ ಒಂದು ಕಂತು ಕಟ್ಟಿದರೆ ಸಾಲದು, ಬಾಕಿಯೆಲ್ಲ ತೀರಿಸಿದರೆ ಮಾತ್ರ ಖಾತೆ ಮತ್ತೆ ಸರಿಯಾಗುತ್ತದೆ. ಅದೇ ಮನುಷ್ಯನ ಇನ್ನೊಂದು ಸಾಲ ಸರಿಯಾಗಿ ನಡೆಯುತ್ತಿದ್ದರೂ ಅದೂ ಇದರ ಜೊತೆಗೇ ಹೋಗುತ್ತದೆ. 88ನೇ ದಿನ ಹಳೆಯ ಒಂದು ಕಂತು ಬಿದ್ದರೆ ಇದೆಲ್ಲ ತಪ್ಪುತ್ತದೆ. ಇವತ್ತು ಗೂಡ್ಸ್ ಆಟೋ ಸಾಲದ ಹುಡುಗನೊಬ್ಬ ಹೀಗೆ ಅಂಚಿನಲ್ಲಿದ್ದ. ಲೋಡ್ ಇಳಿಸಿ ಬರ್ತೀನಿ ಅಂದ.

ಇನ್ನೊಂದು ಫೋನ್ ಬೆಳೆಸಾಲದ ರೈತರೊಬ್ಬರಿಗೆ. ಅವರದು ಇನ್ನೂ ಬಾಕಿಯೇ ಆಗಿಲ್ಲ, ಗಡುವು ಶುಕ್ರವಾರ. ಆದರೂ ಇವತ್ತೇ ಮಾತಾಡಬೇಕು. ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ 3 ಲಕ್ಷದವರೆಗೆ ಬಡ್ಡಿ ಶೇ 7. ಹೊತ್ತಿಗೆ ಸರಿಯಾಗಿ ಕಟ್ಟಿದರೆ ಶೇ 3 ರಿಯಾಯಿತಿ, ಅಂದರೆ ಕೊನೆಗೆ ಕಟ್ಟಬೇಕಾದ್ದು ಶೇ 4. ಎರಡು ಲಕ್ಷ ತೆಗೆದವರಿಗೆ ವರ್ಷಕ್ಕೆ ಆರು ಸಾವಿರದ ವ್ಯತ್ಯಾಸ. ತಾರೀಖು ತಪ್ಪಿದರೆ ಆ ರಿಯಾಯಿತಿ ಹೋಯ್ತು. ಆರು ಸಾವಿರ ಹೋದ ಮೇಲೆ ಫೋನ್ ಮಾಡಿ ಏನು ಉಪಯೋಗ?

"ಸರ, ಗೋವಿನಜೋಳ ರಾಶಿ ಆಗೈತ್ರಿ, ರೇಟಿಲ್ಲ" ಅಂದರು. ನಿಜ. ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ಅಂತ ಕಾಗದದ ಮೇಲಿದೆ, ಮಾರುಕಟ್ಟೆಯಲ್ಲಿ ಅದರ ಹತ್ತಿರಕ್ಕೂ ಬರುತ್ತಿಲ್ಲ. ಈಗಲೇ ಮಾರಿ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. ನಾಲ್ಕು ದಿನಕ್ಕೆ ನೆಂಟರ ಹತ್ತಿರ ಕೈಗಡ ತಂದು ಕಟ್ಟಿ, ಸಾಲ ನವೀಕರಿಸಿಕೊಂಡು, ಅವರಿಗೆ ವಾಪಸ್ ಕೊಡುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ದಾರಿ. ಅದು ಒಳ್ಳೆಯ ಪದ್ಧತಿ ಅಂತ ನಾನು ಅನ್ನುವುದಿಲ್ಲ. ಶುಕ್ರವಾರದೊಳಗೆ ಬೇರೆ ದಾರಿಯೂ ಕಾಣಲಿಲ್ಲ. "ಸೊಸೈಟ್ಯಾಗ ಐದು ಲಕ್ಷದ ತನಕ ಬಡ್ಡಿನ ಇಲ್ಲ, ನಿಮ್ಮದ್ಯಾಕ್ರೀ ಹಿಂಗ?" ಅಂತಲೂ ಕೇಳಿದರು. ಸಹಕಾರಿ ಸೊಸೈಟಿಯ ಬಡ್ಡಿಯನ್ನು ಸರ್ಕಾರ ತುಂಬುತ್ತದೆ ಅಂತ ವಿವರಿಸುವಷ್ಟರಲ್ಲಿ ಹತ್ತು ಹೊಡೆಯಿತು.

ಜೀವನ ಪ್ರಮಾಣಪತ್ರಕ್ಕೆ 30ರವರೆಗೂ ಸಮಯವಿದೆ. ಗಡುವಿನ ಲೆಕ್ಕದಲ್ಲಿ ಅದು ಕೆಳಗೆ ಹೋಗಬೇಕು. ಆದರೆ ಮೆಡ್ಲೇರಿ ಕಡೆಯಿಂದ ಆಟೋ ಮಾಡಿಕೊಂಡು ಬಂದ ಅಜ್ಜಿಗೆ "ಮುಂದಿನ ವಾರ ಬನ್ನಿ" ಅಂದರೆ ಆ ಬಾಡಿಗೆ ಅವರ ನಷ್ಟ. ಬೆರಳಚ್ಚಿನ ಯಂತ್ರ ಸವೆದ ಬೆರಳುಗಳನ್ನು ಓದಲ್ಲ, ಒಬ್ಬೊಬ್ಬರಿಗೂ ಹತ್ತು ನಿಮಿಷ. ಅದಕ್ಕೇ ನಮ್ಮ ಕಿರಿಯ ಗುಮಾಸ್ತೆಯನ್ನು ಬಾಗಿಲ ಹತ್ತಿರ ಬೆಳಕಿರುವ ಕಡೆ ಫೋನ್ ಕೊಟ್ಟು ಕೂರಿಸಿದೆ. ಮುಖ ತೋರಿಸಿದರೆ ಸಾಕು, ಜೀವನ್ ಪ್ರಮಾಣ್ ಆ್ಯಪಿನಲ್ಲೇ ಮುಗಿಯುತ್ತದೆ. ಮಧ್ಯಾಹ್ನದೊಳಗೆ ಮೆಟ್ಟಿಲು ಖಾಲಿ. ಆಕೆಯ ಕೌಂಟರಿನಲ್ಲಿ ಪಾಸ್‌ಬುಕ್ ಎಂಟ್ರಿ ಬಂದ್ ಮಾಡಿದ್ದಕ್ಕೆ ನಾಲ್ಕೈದು ಜನ ಬೈದರು. ಬೈಸಿಕೊಂಡೆ. ಪಾಸ್‌ಬುಕ್ ನಾಳೆಯೂ ಆಗುತ್ತದೆ ಅಲ್ವಾ?

ಜಾಸ್ತಿ ತಲೆ ತಿನ್ನುತ್ತಿರುವುದು ಚೆಕ್ಕು. ಮೊದಲು ಕ್ಲಿಯರಿಂಗ್, ಅಂದರೆ ಬೇರೆ ಬ್ಯಾಂಕಿನಲ್ಲಿ ಹಾಕಿದ ನಮ್ಮ ಗ್ರಾಹಕರ ಚೆಕ್ಕುಗಳು, ಗಂಟು ಕಟ್ಟಿ ಬರುತ್ತಿತ್ತು, ಒಂದೇ ಸಲ ಕೂತು ನೋಡಿ ಮುಗಿಸುತ್ತಿದ್ದೆವು. ಅಕ್ಟೋಬರ್ 4ರಿಂದ ದಿನವಿಡೀ ಒಂದೊಂದಾಗಿ ಬರುತ್ತಲೇ ಇರುತ್ತವೆ. ಸಹಿ ಅನುಮಾನ, ಖಾತೆಯಲ್ಲಿ ದುಡ್ಡಿಲ್ಲ ಅನ್ನುವಂಥವು ನಮ್ಮ ಮುಂದೆ ನಿಲ್ಲುತ್ತವೆ. ಸಂಜೆ 7ರೊಳಗೆ ಹೌದು ಅಥವಾ ಇಲ್ಲ ಅನ್ನಬೇಕು. ಸುಮ್ನೆ ಇದ್ದರೆ ಹೌದು ಅಂದ ಹಾಗೆ. ಖಾತೆಯಲ್ಲಿ ದುಡ್ಡಿಲ್ಲದ ಚೆಕ್ಕು ಪಾಸಾಗಿ ಹೋಗುತ್ತದೆ. ಪ್ರತಿ ಸಲ ಸ್ಕ್ರೀನ್ ಮಿನುಗಿದಾಗ ನೋಡುತ್ತಾ ಕೂತರೆ ಬೇರೆ ಯಾವ ಕೆಲಸವೂ ಮುಗಿಯಲ್ಲ. ಹನ್ನೆರಡೂವರೆ, ಮೂರು, ನಾಲ್ಕೂವರೆ: ಈ ಮೂರು ಹೊತ್ತಿಗೆ ಮಾತ್ರ ನೋಡುವುದು ಅಂತ ಇಟ್ಟುಕೊಂಡಿದ್ದೇನೆ. ಮುಂದೆ ಪ್ರತಿ ಚೆಕ್ಕಿಗೂ ಮೂರೇ ಗಂಟೆ ಅಂತ ಸುತ್ತೋಲೆಯಲ್ಲಿದೆ. ಆಗ ಈ ಲೆಕ್ಕ ನಡೆಯಲ್ಲ, ಇನ್ನೊಬ್ಬರಿಗೆ ಅಧಿಕಾರ ಹಂಚಲೇಬೇಕು.

ನಡುವೆ, ಇದೇ 1ರಿಂದ ನಾಲ್ವರವರೆಗೆ ನಾಮಿನಿ ಹಾಕಬಹುದು ಅಂತ ಪೇಪರ್ ನೋಡಿ ಬಂದವರು. ಫಾರಂ ಕೊಟ್ಟು ಕಳಿಸಿದೆ. ಚಿನ್ನದ ಸಾಲದವರಿಗೆ ಚಿನ್ನ ನೋಡುವವರು ಬರುವ ಹನ್ನೊಂದರ ಮೇಲೆ ಬನ್ನಿ ಅಂದೆ.

ಮೇಲಿನವರ ಫೋನ್ ಮೂರು ಸಲ. ವಿಮೆ ಎಷ್ಟು ಮಾಡಿದಿರಿ? ದಿನದಲ್ಲಿ ಅತಿ ಹೆಚ್ಚು ಸದ್ದು ಮಾಡುವ ಕೆಲಸ ಇದೇ. ನನ್ನ ಎರಡು ಪ್ರಶ್ನೆಗೆ ಇದರ ಹತ್ತಿರ ಉತ್ತರವಿಲ್ಲ. ಇವತ್ತು ಒಂದು ಪಾಲಿಸಿ ಕಡಿಮೆಯಾದರೆ ಯಾವ ಗ್ರಾಹಕನಿಗೂ ನಷ್ಟವಿಲ್ಲ, ನನಗೆ ಬೈಗುಳ ಅಷ್ಟೇ. ಐದು ಗಂಟೆಯ ವರದಿಯಲ್ಲಿ ಸೊನ್ನೆ ತುಂಬಿ ಕಳಿಸಿದೆ.

ಗೂಡ್ಸ್ ಆಟೋ ಹುಡುಗ ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಬಂದು ಒಂದು ಕಂತು ಕಟ್ಟಿದ. ರೈತರು ಬುಧವಾರ ಭಾವನ ಜೊತೆ ಬರುತ್ತಾರಂತೆ. ನವೀಕರಣದ ಕಾಗದಗಳನ್ನು ನಾಳೆ ಹತ್ತರೊಳಗೆ ತಯಾರು ಮಾಡಬೇಕು, ಅವರ ಪಹಣಿ ಹೊಸದು ಬೇಕಾಗುತ್ತದೆ. ಆಡಿಟ್‌ನವರ ಪ್ರಶ್ನೆಗಳಿಗೆ ಉತ್ತರ ಮುಟ್ಟಲೇ ಇಲ್ಲ. ಗುರುವಾರಕ್ಕೆ ಬರೆದಿಟ್ಟಿದ್ದೇನೆ, ಬಾಗಿಲು ತೆಗೆಯುವ ಮುಂಚಿನ ಸಮಯಕ್ಕೆ.