ಮಾವನ ಪೆಟ್ಟಿಗೆಯಲ್ಲಿ ಸಿಕ್ಕ ಟಿಕೆಟ್

17 ನವೆಂಬರ್ 2024, ಭಾನುವಾರ ರಾತ್ರಿ

ಮಾವ ಮಲಗಿದರು. ನನಗೆ ನಿದ್ದೆ ಹತ್ತುತ್ತಿಲ್ಲ.

ಮಧ್ಯಾಹ್ನ ಅವರ ಹಳೇ ಟ್ರಂಕು ಖಾಲಿ ಮಾಡುವಾಗ ಒಂದು ಟಿಕೆಟ್ ಸಿಕ್ಕಿತು. ಚಿನ್ನಸ್ವಾಮಿ ಸ್ಟೇಡಿಯಂ, ಮಾರ್ಚ್ 2000, ದಕ್ಷಿಣ ಆಫ್ರಿಕಾ ಜೊತೆ ಟೆಸ್ಟ್. ಮಡಿಚಿದ ಕಡೆ ಹರಿದಿತ್ತು, ಅಕ್ಷರ ಅರ್ಧ ಅಳಿಸಿತ್ತು. "ಎಸೀಲಾ ಮಾವ?" ಎಂದೆ. ತಟ್ಟನೆ ಕೈ ಚಾಚಿ ಇಸಿದುಕೊಂಡರು.

"ಅಜರ್ ಕೊನೇ ಸೆಂಚುರಿ ಕಣೋ ಇದು."

ಆ ಪಂದ್ಯ ನಾವು ಇನಿಂಗ್ಸ್ ಮತ್ತು 71 ರನ್‌ಗಳಿಂದ ಸೋತೆವು. ನಮ್ಮ ಮಾಜಿ ಕ್ಯಾಪ್ಟನ್ ಅಜರುದ್ದೀನ್ 102 ಹೊಡೆದ. ಅದು ಅವನ 99ನೇ ಟೆಸ್ಟ್. ಇನ್ನೊಂದೇ ಒಂದು ಆಡಿದ್ದರೆ ನೂರು ಆಗುತ್ತಿತ್ತು. ಅದೇ ಕೊನೆಯದು ಅಂತ ಸ್ಟೇಡಿಯಂನಲ್ಲಿ ಕೂತಿದ್ದ ಯಾರಿಗೂ ಗೊತ್ತಿರಲಿಲ್ಲ.

ಮಾವ ಪೇಪರನ್ನು ಸುರುಳಿ ಸುತ್ತಿ ಎದ್ದು ನಿಂತರು. "ಬಾಲ್ ಇಲ್ಲಿ ಬೀಳತ್ತೆ ಅಂದ್ಕೋ, ಆಫ್ ಸ್ಟಂಪ್ ಆಚೆ. ಬೇರೆಯವರಾದ್ರೆ ಕವರ್ ಕಡೆ ಹೊಡೀತಾರೆ. ಇವನು ಕಾಯ್ತಾನೆ. ಇನ್ನೂ ಕಾಯ್ತಾನೆ. ಆಮೇಲೆ ಹಿಂಗೆ." ಮಣಿಕಟ್ಟು ಒಂದು ಸಲ ಹೊರಳಿತು, ಅಷ್ಟೇ. ಕಾಫಿ ಲೋಟ ಹಿಡಿದರೆ ಮಾವನ ಬೆರಳು ನಡುಗುತ್ತವೆ. ಆ ಕ್ಷಣ ಮಾತ್ರ ನಡುಗಲಿಲ್ಲ. ನಾನು ನೋಡುತ್ತಾ ನಿಂತುಬಿಟ್ಟೆ.

1984ರ ಡಿಸೆಂಬರ್ 31ಕ್ಕೆ ಶುರುವಾದ ಕಲ್ಕತ್ತಾ ಟೆಸ್ಟ್ ಅಜರ್‌ನ ಮೊದಲನೆಯದು. ಅಲ್ಲಿ 110, ಮದ್ರಾಸಿನಲ್ಲಿ 105, ಕಾನ್ಪುರದಲ್ಲಿ 122. ಮೊದಲ ಮೂರೂ ಟೆಸ್ಟಿನಲ್ಲಿ ಸೆಂಚುರಿ, ಇವತ್ತಿಗೂ ಬೇರೆ ಯಾರಿಂದಲೂ ಆಗಿಲ್ಲ. ಕೊನೆಯದರಲ್ಲೂ ಸೆಂಚುರಿ. ಮೂರು ವಿಶ್ವಕಪ್‌ಗೆ ಅವನೇ ಕ್ಯಾಪ್ಟನ್. ಎತ್ತಿದ ಕಾಲರ್, ಕುತ್ತಿಗೆಯಲ್ಲಿ ತಾಯತ. ನಮ್ಮ ಬೀದಿಯ ಹುಡುಗರೆಲ್ಲ ಆಗ ಕಾಲರ್ ಎತ್ತಿಕೊಂಡೇ ಬ್ಯಾಟ್ ಹಿಡಿಯುತ್ತಿದ್ದೆವು.

ಬೆಂಗಳೂರಿನ ಆ ಟೆಸ್ಟ್ ಮುಗಿದು ಒಂದು ತಿಂಗಳಾಗಿತ್ತು ಅಷ್ಟೇ. ಏಪ್ರಿಲ್‌ನಲ್ಲಿ ದೆಹಲಿ ಪೊಲೀಸರು ಮ್ಯಾಚ್ ಫಿಕ್ಸಿಂಗ್ ಬಗ್ಗೆ ಹ್ಯಾನ್ಸಿ ಕ್ರೋನಿಯೆ ಆಡಿದ ಫೋನ್ ಮಾತುಕತೆ ಹೊರಗೆ ಹಾಕಿದರು. ಬೆಂಗಳೂರಿನಲ್ಲಿ ಎದುರು ತಂಡದ ಕ್ಯಾಪ್ಟನ್ ಅವನೇ. ಆಮೇಲೆ ದಕ್ಷಿಣ ಆಫ್ರಿಕಾದಲ್ಲಿ ಅದರ ತನಿಖೆ ನಡೆಸಿದ ಕಿಂಗ್ ಆಯೋಗದ ಮುಂದೆ, 1996ರಲ್ಲಿ ಕಾನ್ಪುರದಲ್ಲಿ ತನಗೆ ಬೆಟ್ಟಿಂಗ್ ಬುಕ್ಕಿಯ ಪರಿಚಯ ಮಾಡಿಸಿದ್ದು ಅಜರ್ ಎಂದ. ಅಜರ್ ಒಪ್ಪಲಿಲ್ಲ. ಡಿಸೆಂಬರ್‌ನಲ್ಲಿ ಬಿಸಿಸಿಐ ಅಜರ್ ಮೇಲೆ ಆಜೀವ ನಿಷೇಧ ಹಾಕಿತು.

ನಾನಾಗ ಏಳನೇ ಕ್ಲಾಸು. ಪೇಪರ್ ಓದಿ ಸೀದಾ ಹೋಗಿ ಗೋಡೆಯ ಮೇಲಿದ್ದ ಅಜರ್ ಪೋಸ್ಟರ್ ಹರಿದು ಹಾಕಿದೆ. ತಂದುಕೊಟ್ಟಿದ್ದು ಮಾವನೇ. ಸಂಕ್ರಾಂತಿಗೆ ಬಂದಾಗ ಆ ಖಾಲಿ ಗೋಡೆಯನ್ನೂ ಟೇಪಿನ ಕಲೆಯನ್ನೂ ನೋಡಿದರು, ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಇವತ್ತು, ಇಪ್ಪತ್ತಮೂರು ಇಪ್ಪತ್ತನಾಲ್ಕು ವರ್ಷ ಆದಮೇಲೆ, ಬಾಯಿಬಿಟ್ಟು ಕೇಳಿದೆ. ನಿಮಗೆ ಕೋಪ ಬರಲಿಲ್ವಾ ಮಾವ?

"ಬಂದಿತ್ತು. ಈಗಲೂ ಇದೆ. ಆದ್ರೆ ಆವತ್ತು ಎದ್ದು ನಿಂತು ಚಪ್ಪಾಳೆ ತಟ್ಟಿದ್ದೆನಲ್ಲೋ, ಅದನ್ನ ಹೆಂಗೆ ವಾಪಸ್ ತಗೊಳ್ಳಲಿ?"

ನನಗೆ ಉತ್ತರ ಹೊಳೆಯಲಿಲ್ಲ.

2012ರಲ್ಲಿ ಆಂಧ್ರ ಹೈಕೋರ್ಟು ಆ ನಿಷೇಧ ಕಾನೂನು ಪ್ರಕಾರ ನಿಲ್ಲುವುದಿಲ್ಲ ಎಂದು ರದ್ದು ಮಾಡಿತು. ಅವನಿಗಾಗಲೇ 49 ವರ್ಷ. ಅಷ್ಟರೊಳಗೆ ಮೊರಾದಾಬಾದಿನ ಜನ ಓಟು ಹಾಕಿ ಸಂಸತ್ತಿಗೂ ಕಳಿಸಿದ್ದರು. ತೀರ್ಪು ಬಂದ ದಿನ ನನಗೆ ಸಮಾಧಾನ ಆಗಬೇಕಿತ್ತು ಅಲ್ವಾ? ಆಗಲಿಲ್ಲ. ನಿಷೇಧ ಸರಿಯೋ ತಪ್ಪೋ ಅನ್ನುವುದು ಕೋರ್ಟಿನ ಪ್ರಶ್ನೆ. ಏಳನೇ ಕ್ಲಾಸಿನ ಹುಡುಗನಿಗೆ ಬೇಕಾಗಿದ್ದದ್ದು ನಾನು ನೋಡಿದ ಆಟ ನಿಜವಾ ಅನ್ನುವುದು. ಅದನ್ನು ಯಾರೂ ಹೇಳಲಿಲ್ಲ.

ರಾತ್ರಿ ಊಟ ಆದಮೇಲೆ ಮಾವ ಟಿಕೆಟನ್ನು ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡರು. ನಾನು ಇನ್ನೇನೂ ಕೇಳಲಿಲ್ಲ. ಈಗ ಒಂದು ನೆನಪಾಗುತ್ತಿದೆ. ಅಜರ್ ನೂರು ಮುಟ್ಟಿದಾಗ ಕ್ರೋನಿಯೆ ಅಲ್ಲೇ ಮೈದಾನದಲ್ಲೇ ಇದ್ದನಲ್ಲ, ಅವನೂ ಚಪ್ಪಾಳೆ ತಟ್ಟಿದನಾ, ಇಬ್ಬರೂ ಒಬ್ಬರನ್ನೊಬ್ಬರು ನೋಡಿದರಾ... ಮಾವ ಏಳುವ ಮೊದಲೇ ನನ್ನ ಬಸ್ಸು.